ಹಂದಿ ಮುಟ್ಟದವಳ ಕೈತುತ್ತು

ಹೊಟ್ಟೆಬಾಕತನ ನನಗೆ ಹುಟ್ಟುಗುಣ. ಜೀಪು ಮಗುಚಿ ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿದರೂ ನಾಲಿಗೆ ಮಾತ್ರ ಸುಮ್ಮನಾಗಲಿಲ್ಲ. ಕಷ್ಟವೆಂದರೆ ಮದುವೆ ಊಟ. ನನಗೆ ಉಣಿಸುತ್ತಾ ಕೂತ ಅತ್ತಿಗೆಯ ಎಲೆಯಲ್ಲಿ ಅನ್ನ ಆರಿಹೋಗುತ್ತಿತ್ತು. ಅದನ್ನು ನೋಡಲಾರದೆ ನಾಲ್ಕು ತುತ್ತಿಗೇ "ಸಾಕು, ಹೊಟ್ಟೆ ತುಂಬಿತು" ಎಂದುಬಿಡುತ್ತಿದ್ದೆ. ಹಾಗೆ ಎಷ್ಟು ಮದುವೆಗಳಿಂದ ಹಸಿದು ಬಂದಿದ್ದೇನೋ ದೇವರಿಗೇ ಗೊತ್ತು.

ಅಣ್ಣನ ಮಗಳ ಮದುವೆ ನಿಶ್ಚಯವಾದಾಗ ಹಟ ಹಿಡಿದೆ. ಈ ಮದುವೆಯಲ್ಲಿ ಅತ್ತಿಗೆ ಮಗಳ ಪಕ್ಕದಲ್ಲಿರಬೇಕು, ನಾನು ಹೊಟ್ಟೆ ತುಂಬ ಉಣ್ಣಬೇಕು. ನನ್ನನ್ನು ನೋಡಿಕೊಳ್ಳಲು ಸಂಬಳಕ್ಕೆ ಒಬ್ಬರನ್ನು ನಾನೇ ಆರಿಸುತ್ತೇನೆ ಎಂದೆ.

ಅಮ್ಮತ್ತಿಯ ನಮ್ಮ ಮನೆಗೆ ಮೊದಲು ಬಂದ ಇಬ್ಬರೂ ಅತ್ತಿಗೆಯ ಮುಖ ನೋಡಿ "ಇವ್ರು ಏನು ತಿಂತಾರೆ?" ಎಂದು ಕೇಳಿದರು. ನಾನು ಕೂತಲ್ಲೇ ಕುದಿದೆ. ಮೂರನೆಯವಳು ಕುಶಾಲನಗರದ ಕಡೆಯ ರೈತರ ಮನೆಯ ಹೆಂಗಸು. ಕುರ್ಚಿಯನ್ನು ನನ್ನೆದುರಿಗೇ ಎಳೆದುಕೊಂಡಳು.

"ಅಕ್ಕ, ನಿಮಗೆ ತುತ್ತು ದೊಡ್ಡದಿರ್ಬೇಕಾ, ಸಣ್ಣದಾ?"

"ದೊಡ್ಡದು."

"ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ. ನಮ್ಮನೇಲಿ ಹಂದಿ ತಿನ್ನಲ್ಲ. ನಾನು ಕೈಯಲ್ಲಿ ಮುಟ್ಟೋದೂ ಇಲ್ಲ."

ಅತ್ತಿಗೆ ನಕ್ಕರು. ಪಂದಿ ಕರಿ ಇಲ್ಲದಿದ್ದರೆ ಕೊಡವರ ಮದುವೆ ಊಟ ಊಟವೇ ಅಲ್ಲ. ಅವಳು ಹೋದ ಮೇಲೆ "ಬೇರೆಯವರನ್ನ ನೋಡುವ" ಎಂದರು. "ಅವಳೇ ಇರಲಿ" ಎಂದೆ. ಇಷ್ಟು ವರ್ಷಗಳಲ್ಲಿ ತುತ್ತಿನ ಅಳತೆಯನ್ನು ನನ್ನನ್ನೇ ಕೇಳಿದವರು ಯಾರಿದ್ದರು? ಹಂದಿ ಹೋದರೆ ಹೋಗಲಿ, ಕೋಳಿ ಇದ್ದೇ ಇರುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ನಂಬಲಿಲ್ಲ.

ವಿರಾಜಪೇಟೆಯಲ್ಲಿ ಮದುವೆ. ಎಲೆಗೆ ಅಕ್ಕಿತರಿಯ ಉಂಡೆ ಕಡಂಬುಟ್ಟು ಬಿತ್ತು, ಪಕ್ಕದಲ್ಲೇ ಕಪ್ಪಗೆ ಹೊಳೆಯುವ ಪಂದಿ ಕರಿ. ಅವಳು ಚೀಲದಿಂದ ಉದ್ದ ಹಿಡಿಯ ಚಮಚವೊಂದನ್ನು ತೆಗೆದಳು.

"ಅಮ್ಮತ್ತಿ ಸಂತೇಲಿ ತಗೊಂಡೆ. ಇದು ಹಂದಿಗೇ ಇರ್ಲಿ ಅಕ್ಕ, ಬೇರೇದಕ್ಕೆ ಬೇಡ."

ಬಲಗೈಯಲ್ಲಿ ಕಡಂಬುಟ್ಟು ಮುರಿದಳು, ಎಡಗೈಯಲ್ಲಿ ಚಮಚ ಎತ್ತಿದಳು, ಮುಖ ಆಚೆ ತಿರುಗಿಸಿದಳು. ಮೊದಲ ತುಂಡು ನನ್ನ ಕೆನ್ನೆಗೆ ತಾಗಿತು, ಎರಡನೆಯದು ಮೂಗಿಗೆ.

"ಬಾಯಿ ಇಲ್ಲಿದೆ ಮಾರಾಯ್ತಿ, ಈ ಕಡೆ ನೋಡು" ಎಂದೆ. ನೋಡಿದಳು. ನನ್ನ ಮೂಗಿನ ತುದಿಯ ಮಸಾಲೆ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಂದು ತುತ್ತೂ ಗುರಿ ತಪ್ಪಲಿಲ್ಲ. ಅತ್ತ ಮಗಳ ಪಕ್ಕ ನಿಂತ ಅತ್ತಿಗೆ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ. ನನಗೆ ಅದೇ ಹಬ್ಬ.

ಬಡಿಸುವವರು ಮತ್ತೆ ಬಂದರು. ಅಭ್ಯಾಸಬಲದಿಂದ "ಸಾಕು" ಎಂದೆ.

ಅವಳು ನನ್ನ ಬಾಯಿ ಒರೆಸುತ್ತಾ ಮೆಲ್ಲಗೆ ಹೇಳಿದಳು. "ನಿಜವಾಗ್ಲೂ ಸಾಕಾ ಅಕ್ಕ? ನಾನು ಮೊದ್ಲ್ನೇ ಪಂಕ್ತೀಲೇ ಉಂಡ್ಕೊಂಡು ಬಂದಿದೀನಿ. ನಂಗೇನೂ ಅವಸರ ಇಲ್ಲ."

ಬಡಿಸುವವರು ಆಗಲೇ ಮುಂದಿನ ಎಲೆಗೆ ಹೋಗಿದ್ದರು, ಅಳುತ್ತಾ ಕೂರಲು ಹೊತ್ತಿರಲಿಲ್ಲ.

"ಇಲ್ಲಿ ಇನ್ನೊಂದು ಸಲ ಹಾಕಿ" ಎಂದು ಕೂಗಿದೆ. "ಕೊಬ್ಬಿರುವ ತುಂಡು ನೋಡಿ ಹಾಕಿ."