ಎತ್ತದೆ ಉಳಿದ ಕರೆಗಳು

ನಮ್ಮ ಆಫೀಸಿನಲ್ಲಿ ಈ ಕಥೆಯನ್ನು ಈಗಲೂ ನಗುತ್ತಲೇ ಹೇಳುತ್ತಾರೆ. ಮಾದನಹಿಪ್ಪರಗಾದ ರೈತನೊಬ್ಬನಿಗೆ ಮಿಸ್ಡ್ ಕಾಲ್ ಕೂಡ ಫೋನ್ ಕರೆಯೇ ಎಂಬುದು ತಿಳಿದಿರಲಿಲ್ಲವಂತೆ, ಗೊಂದಲವೆಲ್ಲ ಅದರಿಂದಲೇ ಆಯಿತಂತೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾ ಸ್ಪರ್ಧೆಗಳಲ್ಲಿ ಒಂದು ಪಾಠ ಕಲಿತಿದ್ದೇನೆ: ಸಭೆಯೆಲ್ಲ ನಗುತ್ತಿರುವಾಗ ಯಾವ ಪ್ರಶ್ನೆ ತಪ್ಪಿಸಿಕೊಂಡಿತು ಎಂದು ನೋಡಬೇಕು.

ನಮ್ಮದು ಪಂಪ್‌ಸೆಟ್ಟು ಮಾರಿ, ರಿಪೇರಿಯನ್ನೂ ಮಾಡಿಕೊಡುವ ಅಂಗಡಿ. ಆಫೀಸು ಆಳಂದದಲ್ಲಿ, ಶಾಖೆಗಳು ಅಫಜಲಪುರ ಮತ್ತು ಜೇವರ್ಗಿಯಲ್ಲಿ. ಮೂರೂ ಕಡೆಯ ಫೋನುಗಳನ್ನು ಒಂದೇ ವ್ಯವಸ್ಥೆಗೆ ಜೋಡಿಸಿದವನು ನಾನು. ಸೊನ್ನೆ ಒತ್ತಿದರೆ ಹೊರಗಿನ ಲೈನು ಸಿಗಬೇಕು. ಯಾವ ಮೇಜಿನಿಂದ ಯಾರಿಗೆ ಕರೆ ಹೋಯಿತು, ಬಂದ ಕರೆಗಳಲ್ಲಿ ಯಾವುದನ್ನು ಯಾರೂ ಎತ್ತಲಿಲ್ಲ, ಎರಡೂ ದಾಖಲಾಗಬೇಕು. ಎರಡನ್ನೂ ಚಾಲೂ ಮಾಡಿ ಮ್ಯಾನೇಜರರಿಗೆ ಪಾಸ್‌ವರ್ಡ್ ಕೊಟ್ಟೆ. ನಮ್ಮಿಬ್ಬರನ್ನು ಬಿಟ್ಟರೆ ಅದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ, ಫೋನಿಗೆ ಕೂರುವ ಅಕ್ಕ ಮಾಲೀಕರಾದ ಸಾಹುಕಾರರ ಎದುರೇ ಅಂದುಬಿಟ್ಟಳು: "ಜೇವರ್ಗಿ ಮಂದಿ ಕಾಲ್ ಮ್ಯಾನೇಜರ್ ಸಾಹೇಬ್ರ ಮೇಜಿಗೆ ಹಾಕ್ತೇನ್ರಿ. ಬಡಕೊಂಡು ಬಡಕೊಂಡು ಬಂದ್ ಆಗ್ತದ. ಎತ್ತೋರೇ ಇಲ್ಲ."

ಮುಂದಿನ ವಾರ ಮ್ಯಾನೇಜರರು ಕರೆಗಳ ದಾಖಲೆಯನ್ನು ಪ್ರಿಂಟ್ ತೆಗೆದುಕೊಂಡು ಬಂದರು.

"ಲೈನ್ ಯಾವಾಗ್ಲೂ ಬಿಜಿ ಯಾಕಂತ ಕೇಳ್ತಿದ್ರಲ್ಲ ಸಾವಕಾರ್ರೆ, ನೋಡ್ರಿ. ಎಲ್ಲಾ ಈಕೀನೇ ಮಾಡಿದ್ದು. ಆಫೀಸ್ ಫೋನಿನ್ಯಾಗ ಬೀಗರ ಸುದ್ದಿ ನಡದದ!"

"ನಾ ಯಾವ ಬೀಗರ್ನೂ ಮಾತಾಡ್ಸಿಲ್ರಿ," ಎಂದಳು ಅಕ್ಕ. "ರೈತರು ಮಿಸ್ಡ್ ಕಾಲ್ ಕೊಡ್ತಾರ, ನಾ ತಿರುಗಿ ಹಚ್ತೇನಿ."

"ಹಂಗಾದ್ರ ಆ ಮಿಸ್ಡ್ ಕಾಲ್ ಎಲ್ಲಿ ಅದಾವ, ತೋರ್ಸು."

ಹಾಳೆಯಲ್ಲಿ ಒಂದೂ ಇರಲಿಲ್ಲ. ಸಾಹುಕಾರರ ಮುಖ ಗಂಟಾಯಿತು. ಕೆಲಸ ಹೋಗುವುದೊಂದೇ ಅಲ್ಲ, ಈ ಕೆಟ್ಟ ಹೆಸರು ಹೊತ್ತು ಹೊರಬಿದ್ದರೆ ಆಳಂದದ ಇನ್ಯಾವ ಅಂಗಡಿಯೂ ಆಕೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. "ಅದ್ರಾಗಿನ ಒಂದು ನಂಬರಿಗೆ ಹಚ್ಚಿ ಕೇಳ್ರಲ್ಲ," ಎಂದೆ.

ಸಾಹುಕಾರರು ಹಚ್ಚಿ ಸ್ಪೀಕರ್ ಒತ್ತಿದರು. ಆ ಕಡೆ ಮಾದನಹಿಪ್ಪರಗಾದ ರೈತ.

"ನೀವು ನಮ್ಮ ಆಫೀಸಿಗೆ ಫೋನ್ ಮಾಡಿದ್ರೇನ್ರಿ?"

"ಇಲ್ರಿ, ನಾ ಎಲ್ಲಿ ಮಾಡೀನ್ರಿ? ನಿಮ್ಮ ಅಕ್ಕಾರೇ ಮಾಡಿದ್ರು."

ಮ್ಯಾನೇಜರರು ಕುರ್ಚಿಗೆ ಒರಗಿದರು. ಅಕ್ಕ ಫೋನಿನ ಮೇಲೆ ಬಾಗಿ ಕೂಗಿದಳು: "ಕಾಕಾ, ಮಿಸ್ಡ್ ಕಾಲ್ ಕೊಟ್ಟಿದ್ರೋ ಇಲ್ಲೋ?"

"ಅದು ಕೊಟ್ಟಿದ್ನಲ್ಲವಾ! ಮೋಟರ್ ಸುಟ್ಟಿತ್ತು. ಮಿಸ್ಡ್ ಕಾಲ್ ಕೊಟ್ರ ಫೋನ್ ಮಾಡ್ದಂಗ ಹೆಂಗಾಗ್ತದ?"

ಸಾಹುಕಾರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು; ಮ್ಯಾನೇಜರರೂ ನಾನೂ ನಕ್ಕೆವು. ಅಕ್ಕನ ಕೆಲಸ ಉಳಿಯಿತು. ಉಳಿದವರು ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ.

ರೈತನ ಮಾತಿನಲ್ಲಿ ತಪ್ಪೇನಿದೆ? ಅವನ ಮಿಸ್ಡ್ ಕಾಲ್ ದಾಖಲೆಯಲ್ಲಿ ಇದ್ದಿದ್ದರೆ ಅವನನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಅಲ್ಲೇ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ತೆರೆದೆ. ಎತ್ತದ ಕರೆಗಳ ದಾಖಲೆ ಬಂದ್ ಆಗಿತ್ತು. ಆಕೆ ದೂರು ಹೇಳಿದ ಜೇವರ್ಗಿಯ ಕರೆಗಳೂ ಮಿಸ್ಡ್ ಕಾಲ್‌ಗಳ ಜೊತೆಗೇ ಮಾಯವಾಗಿದ್ದವು. ಮ್ಯಾನೇಜರರು ತಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಬಂದ್ ಮಾಡಿದ್ದೋ, ಆಕೆಯನ್ನು ಸಿಕ್ಕಿಸಲೋ? ಎರಡು ಕಡೆಗೂ ವಾದ ಹೂಡಬಲ್ಲೆ. ಯಾರೂ ಮುಟ್ಟಲಿಲ್ಲ ಎನ್ನುವ ಕಡೆಗೆ ಮಾತ್ರ ನನಗೆ ಒಂದು ವಾಕ್ಯವೂ ಸಿಗುವುದಿಲ್ಲ.

"ಲೈಟ್ ಹೋಗಿ ಬಂದು ಮಾಡ್ತದ. ತಾನೇ ಬಂದ್ ಆಗಿರಬೇಕು," ಎಂದರು ಮ್ಯಾನೇಜರರು.

"ಮುಗೀತಲ್ಲ, ಬಿಡೋ ತಮ್ಮಾ," ಎಂದರು ಸಾಹುಕಾರರು.

ಅಕ್ಕ ಇನ್ನೂ ನಿಂತೇ ಇದ್ದಳು. ಆ ಕೋಣೆಯಲ್ಲಿ ನಗದೆ ಇದ್ದವಳು ಅವಳೊಬ್ಬಳೇ. ನಾನು ಮ್ಯಾನೇಜರರ ಕಡೆ ತಿರುಗಿದೆ.

"ಲೈಟ್ ಹೋಗಿದ್ರ ಎಲ್ಲಾ ಹೋಗಬೇಕಿತ್ತಲ್ರಿ? ಆಕೀ ಮಾಡಿದ ಕಾಲ್ ಒಂದೂ ಬಿಡದಂಗ ಉಳದಾವ. ನೀವು ಎತ್ತದ ಕಾಲ್ ಅಷ್ಟೇ ಹೆಂಗ ಹೋದ್ವು?"