ಅಕ್ಕನ ಮೊಣಕೈ

ನಮ್ಮ ನುಡಿಯಲ್ಲಿ ಕೈಗೆ ಸಲ್ಲುವ ಮರ್ಯಾದೆಯ ಒಂದು ಪಾಲೂ ಮೊಣಕೈಗೆ ಸಲ್ಲುವುದಿಲ್ಲ. ವೈದ್ಯನಿಗೆ ಕೈಗುಣ, ಅಡುಗೆಯವಳಿಗೆ ಕೈರುಚಿ, ಕಳ್ಳನಿಗೆ ಕೈಚಳಕ. ನನ್ನಂಥ ಮಾಸ್ತರನಿಗೂ ಕೈಬರಹವೆಂಬುದೊಂದು ಉಂಟು. ಮೊಣಕೈಯ ಪಾಲಿಗೆ ಉಳಿದದ್ದು ಬೆಲ್ಲ ಸವರಿಸಿಕೊಂಡು ಮೋಸಹೋಗುವ ಭಾಗ್ಯವೊಂದೇ. ಓದುಗ ಮಹಾಶಯರು ಒಮ್ಮೆ ಮೊಣಕೈ ಮಡಿಸದೆ ಊಟಕ್ಕೆ ಕುಳಿತು ನೋಡಬೇಕು; ತುತ್ತು ಪಕ್ಕದವರ ಬಾಯಿಗೆ ಹೋದೀತೇ ವಿನಾ ನಿಮ್ಮ ಬಾಯಿಗೆ ಬಾರದು. ಈ ಜ್ಞಾನೋದಯ ನನಗಾದದ್ದು ಯಾವ ಶಾಸ್ತ್ರಾಧ್ಯಯನದಿಂದಲೂ ಅಲ್ಲ, ನನ್ನ ಅಕ್ಕ ನೀಲವ್ವನ ಬಲ ಮೊಣಕೈ ಪುಡಿಯಾದದ್ದರಿಂದ.

ಅದು ನಿಜಾಮರ ಕಾಲ. ಈಗಿನ ಬಸವಕಲ್ಯಾಣ ಆಗ ನಮ್ಮ ಬಾಯಲ್ಲಿ ಬರಿಯ ಕಲ್ಯಾಣಿ. ಅಕ್ಕ ಅಲ್ಲಿಯ ಬಳೆಗಾರರ ಮನೆಯ ಸೊಸೆ. ಭಾವ ಅಂಗಡಿ ಬಿಟ್ಟು ಏಳದ ಮೆತ್ತಗಿನ ಮನುಷ್ಯ. ಬಳೆಗಳ ಮಲಾರ ಹೆಗಲಿಗೇರಿಸಿ ರಾಜೇಶ್ವರ, ಘಾಟಬೋರಾಳ, ದುಬಲಗುಂಡಿ ತಿರುಗಿ ಹೆಂಗಸರಿಗೆ ಬಳೆ ಇಡುತ್ತಿದ್ದವಳು ಅಕ್ಕನೇ. ಎಂಥ ಬಿರುಸಾದ ಕೈಯಾದರೂ ಅವಳ ಬೆರಳುಗಳ ನಡುವೆ ಬೆಣ್ಣೆಯಾಗುತ್ತಿತ್ತು. ಒಮ್ಮೆ ದುಬಲಗುಂಡಿಯಿಂದ ಬರುವಾಗ ಎತ್ತು ಬೆದರಿ ಗಾಡಿ ಮಗುಚಿತು. ಅಕ್ಕ ಮಲಾರವನ್ನು ಎದೆಗವಚಿಕೊಂಡು ಬಿದ್ದಳು. ಬಳೆ ಉಳಿದವು, ಮೊಣಕೈ ಉಳಿಯಲಿಲ್ಲ. ಊರಲ್ಲಿ ಕಟ್ಟು ಕಟ್ಟಿಸಿದೆವು. ಬಾವು ಏರಿತು, ಜ್ವರ ಬಂತು, ಕೈ ಕಡಿಯದೆ ಗತಿಯಿಲ್ಲವೆಂದು ನೋಡಿದವರೆಲ್ಲ ಹೇಳಿದರು.

ನಾನು ಹುಮನಾಬಾದಿನಲ್ಲಿ ಮಾಸ್ತರನಾಗಿದ್ದೆ. ಆ ಊರಿಗೆ ಭುಜ, ತೋಳುಗಳ ಶಸ್ತ್ರಚಿಕಿತ್ಸೆಯಲ್ಲಿ ನುರಿತ ಡಾಕ್ಟರೊಬ್ಬರು ಹೈದರಾಬಾದಿನಿಂದ ಬಂದು ನೆಲೆಸಿದ್ದರು. ಜನ ಅವರನ್ನು ಕೈ ಡಾಕ್ಟರೆಂದೇ ಕರೆಯುತ್ತಿದ್ದರು. ಅಕ್ಕನನ್ನು ಅಲ್ಲಿಗೆ ಕರೆತಂದೆವು, ಜೊತೆಗೆ ಅವಳ ಅತ್ತೆ, ಮತ್ತೆ ಅಕ್ಕ ಬಿಟ್ಟು ಬರಲೊಪ್ಪದ ಮಲಾರ. ಡಾಕ್ಟರು ಮೊದಲು ಹಿಡಿದು ನೋಡಿದ್ದು ನೋಯದ ಎಡಗೈಯನ್ನು. ಅದನ್ನು ಮೆಲ್ಲನೆ ಮಡಿಸಿ, ತಿರುಗಿಸಿ, ಅಕ್ಕನ ಮುಖದ ಬಿಗುವು ಸಡಿಲಾದ ಮೇಲಷ್ಟೇ ಬಲಗೈಯ ಕಡೆ ತಿರುಗಿದರು. ಇವರಿಗೆ ಎಡಬಲ ತಿಳಿಯದೇನೋ ಎಂದು ಒಳಗೊಳಗೇ ಗಾಬರಿಗೊಂಡ ಪಂಡಿತ ನಾನೊಬ್ಬನೇ.

ಕೀವು ತೆಗೆದು, ಎಲುಬಿನ ಚೂರುಗಳನ್ನು ಆಯ್ದು, ಅವರು ಕೈಯನ್ನು ಉಳಿಸಿದರು. ಗಾಯ ಮಾಗಿದ ಮೇಲೆ ಒಂದು ದಿನ ಅಕ್ಕನ ಎದುರು ಸ್ಟೂಲು ಹಾಕಿಕೊಂಡು ಕುಳಿತರು. ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಹೇಳಿದ್ದು ಇಷ್ಟು: ಕೀಲು ಇನ್ನು ಮಡಚುವುದಿಲ್ಲ. ಈಗ ಯಾವ ಓರೆಯಲ್ಲಿ ಪ್ಲಾಸ್ಟರು ಹಾಕುತ್ತೇನೋ ಅದೇ ಓರೆಯಲ್ಲಿ ಜೀವಮಾನವಿಡೀ ನಿಲ್ಲುತ್ತದೆ. ಬಹಳ ಮಡಿಸಿಟ್ಟರೆ ತುತ್ತು ಬಾಯಿಗೆ ಬರುತ್ತದೆ, ಎದುರಿನ ಕೆಲಸಕ್ಕೆ ಕೈ ಚಾಚದು. ಬಿಡಿಸಿಟ್ಟರೆ ಕೆಲಸ ನಡೆಯುತ್ತದೆ, ಬಾಯಿ ದೂರವಾಗುತ್ತದೆ.

"ನಿಮಗೆ ಯಾವುದು ಬೇಕು, ಆಪಾ?" ಎಂದರು. ಅವರ ಉರ್ದುವಿನಲ್ಲೂ ಅವಳು ಅಕ್ಕನೇ.

"ಊಟಕ್ಕೆ ಬರೋಹಂಗ ಮಾಡ್ರಿ," ಎಂದೆ ನಾನು, ತರಗತಿಯ ಅಭ್ಯಾಸಬಲದಿಂದ.

"ಸವಾಲು ನಿಮಗಲ್ಲ, ಮಾಸ್ತರ್ ಸಾಬ್. ಇವರಿಗೆ."

ಅತ್ತೆ ಸೆರಗು ಸರಿಮಾಡಿಕೊಂಡು, "ಎಡಗೈಲೆ ಉಣ್ಣೋ ಸೊಸಿ ಪಂಕ್ತಿಯಾಗ ಹ್ಯಾಂಗ ಕೂಡ್ತಾಳ್ರಿ?" ಎಂದರು. ಡಾಕ್ಟರು ಅವರಿಗೂ ನಯವಾಗಿ ತಲೆಯಾಡಿಸಿದರು; ಕಣ್ಣು ಮಾತ್ರ ಅಕ್ಕನ ಮೇಲೇ ಇತ್ತು. ಅಕ್ಕನನ್ನು ಅದುವರೆಗೆ ಯಾರೂ ಏನನ್ನೂ ಕೇಳಿರಲಿಲ್ಲ, ಮದುವೆಯ ಕಾಲದಲ್ಲೂ. ಅವಳು ನೆಲ ನೋಡತೊಡಗಿದಳು. "ಅವಸರ ಇಲ್ಲ. ವಿಚಾರ ಮಾಡಿ," ಎಂದು ಅವರು ಎದ್ದರು.

ಮರುದಿನ ಹೋದಾಗ ಕಂಡ ದೃಶ್ಯಕ್ಕೆ ನಾನು ಸಿದ್ಧನಿರಲಿಲ್ಲ. ಡಾಕ್ಟರು ತಮ್ಮ ಬಲ ಮೊಣಕೈಗೆ ಮರದ ಪಟ್ಟಿಯನ್ನು ಬಿಗಿದುಕೊಂಡು ವರಾಂಡದಲ್ಲಿ ಊಟಕ್ಕೆ ಕುಳಿತಿದ್ದರು. ತುತ್ತು ಗಡ್ಡದ ಹತ್ತಿರ ಬಂದು ನಿಂತುಬಿಡುತ್ತಿತ್ತು. ಕೊಕ್ಕರೆಯಂತೆ ಕತ್ತು ಚಾಚಿ ಅದನ್ನು ಹಿಡಿಯುತ್ತಿದ್ದರು. ಅಂಗಿಯ ಮೇಲೆಲ್ಲ ಬೇಳೆ. ನಗು ಬರಬೇಕಾದ ನೋಟವೇ. ಆದರೆ ಆ ಮುಖದಲ್ಲಿದ್ದ ಏಕಾಗ್ರತೆಯನ್ನು ಕಂಡು ನನಗೆ ನಗು ಬರಲಿಲ್ಲ. ಕಡಿಯಬಲ್ಲ, ಹೊಲಿಯಬಲ್ಲ ಆ ಕೈ, ಒಬ್ಬ ಬಳೆಗಾರ್ತಿಯ ಕಷ್ಟ ಎಷ್ಟೆಂದು ತಿಳಿಯಲು ತನ್ನನ್ನು ತಾನೇ ಕಟ್ಟಿಹಾಕಿಕೊಂಡಿತ್ತು. ನಾನು ಅರಿಯದೆಯೇ ಚಪ್ಪಲಿ ಬಿಟ್ಟು ನಿಂತಿದ್ದೆ.

"ಕಷ್ಟ ಇದೆ, ಆಪಾ," ಎಂದರು, ಅತ್ತೆಯೊಡನೆ ಎದುರಿಗೆ ಕುಳಿತಿದ್ದ ಅಕ್ಕನಿಗೆ. "ಸುಳ್ಳು ಹೇಳೋದಿಲ್ಲ. ಆದರೆ ಆಗುತ್ತದೆ."

ಅಕ್ಕ ಅವರ ಕಟ್ಟಿದ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೇಳಿದಳು: "ಬಗ್ಗಿದರ ನನ್ನ ಬಾಯಿ ನನ್ನ ಕೈಗೆ ಸಿಗ್ತದ್ರಿ. ಮಂದಿ ಕೈ ಹ್ಯಾಂಗ ಬಗ್ಗಸ್ಲಿ? ಬಳಿ ಇಡಾಕ ಬರೋಹಂಗ ಮಾಡ್ರಿ ಸಾಹೇಬ್ರ."

ಅತ್ತೆ ಮುಖ ತಿರುಗಿಸಿದರು. ಡಾಕ್ಟರು, "ಮಲಾರ ತನ್ನಿ," ಎಂದರು.

ಹೀಗೆ ನನ್ನ ಬಾಳಿನ ಏಕೈಕ ಬಳೆ ತೊಡುವ ಸಮಾರಂಭ ನಡೆಯಿತು. ಹಸಿ ಪ್ಲಾಸ್ಟರು ಸುತ್ತಿದ ಕೈಯಿಂದ ಅಕ್ಕ ಬಳೆ ಹಿಡಿಯಬೇಕು, ಎದುರಿಗೊಂದು ಕೈ ಬೇಕು. ಮೀಸೆ ಹೊತ್ತ ಈ ಮಾಸ್ತರನೇ ಕೈ ಒಡ್ಡಿ ಕುಳಿತ. ಕಿಟಕಿಯಲ್ಲಿ ನನ್ನ ಶಿಷ್ಯವರ್ಗದ ಮುಖವೊಂದೂ ಕಾಣದಿರಲೆಂದು ಬೇಡಿಕೊಂಡೆ. ಅಕ್ಕ ಎಡಗೈಯಲ್ಲಿ ನನ್ನ ಗಿಣ್ಣುಗಳನ್ನು ಒತ್ತಿ, ಬಲಗೈಯಿಂದ ಹಸಿರು ಬಳೆಯನ್ನು ನೂಕಿದಳು. "ಸ್ವಲ್ಪ ಒಳಗ ಬೇಕ್ರಿ," ಎಂದಳು. ಡಾಕ್ಟರು ಹಸಿ ಪ್ಲಾಸ್ಟರನ್ನು ಕೂದಲೆಳೆಯಷ್ಟು ಸರಿಸಿದರು. ಮತ್ತೊಂದು ಬಳೆ. "ಅಂಗೈ ಇನ್ನೀಟು ಮ್ಯಾಲ." ಮತ್ತೆ ಸರಿಸಿದರು. ಬಳೆ ಸಲೀಸಾಗಿ ಇಳಿದಾಗ, "ಹಿಂಗಽ ಇರ್ಲಿರಿ," ಎಂದಳು. ಪ್ಲಾಸ್ಟರು ಗಟ್ಟಿಯಾಗುವವರೆಗೆ ಮೂವರೂ ಅಲುಗದೆ ಕುಳಿತೆವು. ಅವಳ ಕೈ ನನ್ನ ಕೈ ಹಿಡಿದಿತ್ತು, ಅವರ ಎರಡೂ ಕೈಗಳು ಅವಳ ಮೊಣಕೈಯನ್ನು ಹಿಡಿದಿದ್ದವು. ದೇವಸ್ಥಾನಗಳಲ್ಲೂ ನಾನು ಅಷ್ಟು ನಿಶ್ಶಬ್ದವಾಗಿ ಕುಳಿತದ್ದಿಲ್ಲ.

ಅಕ್ಕ ಮತ್ತೆ ಊರೂರು ತಿರುಗಿದಳು. ಕೈ ಮಡಚದು, ನೋಯದು, ಬಳೆ ಒಡೆಯದು. ಉಣ್ಣುವಾಗ ಮಾತ್ರ ನಡು ಬಗ್ಗಿಸಿ, ಕತ್ತು ಚಾಚಿ ಉಣ್ಣುತ್ತಿದ್ದಳು. ನಾವು ಬೇರೆ ಕಡೆ ನೋಡುತ್ತಿದ್ದೆವು, ಅದನ್ನೇ ಸೌಜನ್ಯವೆಂದು ತಿಳಿದು.

ಕೆಲ ವರ್ಷಗಳ ಮೇಲೆ ಯಾರನ್ನೋ ನೋಡಲು ಕಲ್ಯಾಣಿಗೆ ಬಂದ ಡಾಕ್ಟರು ಅಕ್ಕನ ಮನೆ ಹುಡುಕಿಕೊಂಡು ಬಂದರು. ನಾನೂ ಅಂದು ಅಲ್ಲಿದ್ದೆ. ಕೈ ನೋಡುತ್ತಾರೆಂದು ಅಕ್ಕ ತೋಳು ಮುಂದೆ ಮಾಡಿದಳು. ಅವರು ಕೇಳಿದ್ದು ಬೇರೆ: "ಆಪಾ, ಕುತ್ತಿಗೆ ನೋಯುತ್ತದೆಯೇ?"

ಅಕ್ಕ ತೋಳು ಇಳಿಸಿ, "ಸಂಜೀ ಆದ್ರ ಭಾಳ ನೋಯ್ತದ್ರಿ," ಎಂದಳು. ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

"ನನಗೆ ಒಂದೇ ದಿನಕ್ಕೆ ನೋವು ಬಂದಿತ್ತು," ಎಂದರು ಅವರು. "ತಾಟು ನೆಲದ ಮೇಲೆ ಬೇಡ. ಕೆಳಗೆ ಏನಾದರೂ ಇಟ್ಟು ಎತ್ತರ ಮಾಡಿ. ನನ್ನ ಮುಂದೆ ಉಂಡು ತೋರಿಸಿ."

ಅತ್ತೆ ಒಳಗೆ ಹೋದರು. ಮಣೆ ತರುತ್ತಾರೆಂದುಕೊಂಡೆ. ಅವರು ಎರಡೂ ಕೈಯಲ್ಲಿ ಹಿಡಿದು ತಂದದ್ದು, ಜಂಗಮರು ಮನೆಗೆ ಬಂದಾಗ ಅವರ ತಾಟಿಡಲು ಮಾತ್ರ ಹೊರಬರುತ್ತಿದ್ದ ಹಿತ್ತಾಳೆಯ ಮುಕ್ಕಾಲಿ, ಅಡ್ಡಣಿಗೆ. ಅಕ್ಕ ಗಾಬರಿಯಿಂದ, "ಬ್ಯಾಡ್ರಿ ಅತ್ತಿ," ಎಂದು ಹಿಂದೆ ಸರಿದಳು.

"ಕೂಡು ಸುಮ್ನ," ಎಂದರು ಅತ್ತೆ, ಸೆರಗಿನಿಂದ ಅದನ್ನು ಒರೆಸುತ್ತ. "ನೆಟ್ಟಗ ಕುಂತು ಉಣ್ಣು."

ಅಡ್ಡಣಿಗೆ ಏನೆಂಬುದು ಡಾಕ್ಟರಿಗೆ ತಿಳಿಯದು. ಅವರು ನೆಲಕ್ಕೆ ಕುಳಿತು ಓರೆಯಾಗಿ ಬಾಗಿ, ತುತ್ತೆತ್ತುತ್ತಿದ್ದ ಅಕ್ಕನ ಕುತ್ತಿಗೆಯನ್ನೇ ನೋಡುತ್ತಿದ್ದರು.