ಸಭಾಂಗಣದ ಉಸಿರು

ಮಧ್ಯಾಹ್ನದವರೆಗೆ ಅವನು ಬಣ್ಣದಂಗಡಿಯಲ್ಲಿ ಗಿರಾಕಿಗಳಿಗೆ ಗೋಡೆಯ ಬಣ್ಣ ಬೆರೆಸಿಕೊಡುತ್ತಾನೆ. ಊಟದ ಹೊತ್ತಿಗೆ ಮನೆಗೆ ಬಂದು ಕೈ ತೊಳೆದನೆಂದರೆ ಅವನು ಬಣ್ಣದಂಗಡಿಯವನಲ್ಲ, ಕಿವಿರಾಯ. ಈ ಬಿರುದು ಕೊಟ್ಟಿದ್ದು ಅವನ ಬಳಗದವರು. ಮುಂದೆ ಬೋಳು, ಹಿಂದೆ ಜುಟ್ಟು ಇರುವ ನಾಲ್ಕೈದು ಗಂಡಸರು. ನಡುವಯಸ್ಸು ದಾಟಿದರೂ ಎದೆಯ ಮೇಲೆ ತಲೆಬುರುಡೆಯ ಚಿತ್ರವಿರುವ ಕಪ್ಪು ಬನಿಯನ್ನು ಹಾಕಿಕೊಂಡು ಬರುವವರು.

ಇವರೆಲ್ಲರ ಆಸ್ತಿ ಎಂದರೆ ಹಳೆಯ ಕ್ಯಾಸೆಟ್ಟುಗಳು. ಅಂಗಡಿಯಲ್ಲಿ ಸಿಗುವಂಥವಲ್ಲ. ಎಂದೋ ನಡೆದ ಹಾರ್ಡ್ ರಾಕ್ ಕಾರ್ಯಕ್ರಮಕ್ಕೆ ಯಾರೋ ಒಬ್ಬ ಕೋಟಿನೊಳಗೆ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗಿ, ಜನರ ನಡುವೆ ಕೂತು ಕದ್ದು ಹಿಡಿದುಕೊಂಡು ಬಂದಂಥವು. ಅದರಲ್ಲಿ ಅರ್ಧ ಪಕ್ಕದವನ ಕೆಮ್ಮು, ಇನ್ನರ್ಧ ಹಿಂದಿನವನ ಶಿಳ್ಳೆ. ಇವೆರಡರ ನಡುವೆ ಸಂದು ಸಿಕ್ಕರೆ ಬಾವಿಯ ತಳದಿಂದ ಕೂಗಿದಂತೆ ಒಂದು ಗಿಟಾರು. ಅದನ್ನು ಕಂಪ್ಯೂಟರಿಗೆ ಹಾಕಿ, ಉಜ್ಜಿ, ತೊಳೆದು, ಹೊಸದು ಮಾಡುವುದಕ್ಕೆ ರೀಮಾಸ್ಟರ್ ಎನ್ನುತ್ತಾರೆ. ತೊಳೆದ ಮೇಲೂ ಅದು ಬಾವಿಯೊಳಗಿನ ಗಿಟಾರೇ, ಬಾವಿಗೆ ಸುಣ್ಣ ಬಳಿದಿದ್ದಾರೆ ಅಷ್ಟೇ ಎಂಬುದು ಅವನ ಹೆಂಡತಿಯ ಅಭಿಪ್ರಾಯ. ಒಮ್ಮೆ ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅವನು ಅವಳೊಂದಿಗೆ ಮಾತು ಬಿಟ್ಟಿದ್ದ. ಆ ಅವಧಿಯಲ್ಲಿ ಮನೆ ಎಷ್ಟೋ ನೆಮ್ಮದಿಯಾಗಿತ್ತು.

ಅವಳ ಕೆಲಸ ಕಟ್ಟು ಹಲ್ಲು ತಯಾರಿಸುವ ಲ್ಯಾಬಿನಲ್ಲಿ. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಬರುವ ಸೋಮವಾರದಿಂದ ಮಧ್ಯಾಹ್ನದ ಪಾಳಿಗೆ ಅವಳು ಹೋಗಬೇಕು, ಆ ಹೊತ್ತಿಗೆ ಮನೆಗೆ ಬಂದಿರುವ ಅವನು ಮಗಳನ್ನು ನೋಡಿಕೊಳ್ಳಬೇಕು. ಹೀಗೆಂದು ಇಬ್ಬರೂ ಒಪ್ಪಿಕೊಂಡಿದ್ದರು. ಒಪ್ಪಿದ ದಿನದಿಂದ ಅವಳಿಗೆ ನಿದ್ದೆಯಿಲ್ಲ. ಮಗುವಿಗೆ ಇನ್ನೂ ಸರಿಯಾಗಿ ಕೂರಲು ಬರುವುದಿಲ್ಲ, ಮಗುಚಿಕೊಂಡರೆ ಮೂಗು ದಿಂಬಿಗೆ ಒತ್ತಿ ಉಸಿರುಗಟ್ಟಿದರೆ? ಕುಡಿದ ಹಾಲು ಗಂಟಲಿಗೆ ಬಂದರೆ? ಜ್ವರ ಬಂದರೆ ಹಣೆ ಮುಟ್ಟಿ ನೋಡುವುದು ಇವನಿಗೆ ಹೊಳೆಯುತ್ತದೆಯೇ?

"ನನ್ನ ಕಿವಿ ಇರೋವಾಗ ನಿನಗ್ಯಾಕೇ ಚಿಂತೆ?" ಎಂದಿದ್ದ ಕಿವಿರಾಯ. "ಆರನೇ ಸಾಲಲ್ಲಿ ಕೂತವನು ಬೆಂಕಿಕಡ್ಡಿ ಗೀರಿದ್ದು ನನಗೆ ಕೇಳ್ಸುತ್ತೆ. ನಮ್ಮ ಪಾಪು ಅತ್ತರೆ ಕೇಳ್ಸಲ್ವಾ?"

ಹೋದ ಬುಧವಾರ ಅವಳು ಪರೀಕ್ಷೆಗೆಂದೇ ಒಂದು ಮಧ್ಯಾಹ್ನ ಲ್ಯಾಬಿಗೆ ಹೋಗಿಬಂದಳು. ಯಾರದೋ ಮೇಲ್ದವಡೆಯ ಅಚ್ಚು ಕೈಯಲ್ಲಿತ್ತು, ಜೀವ ಮಾತ್ರ ಮನೆಯಲ್ಲಿತ್ತು. ಓಡೋಡಿ ಬಂದು ನೋಡಿದರೆ ಮಗು ಮಲಗಿತ್ತು. ಮುಖ ಕೆಂಪಾಗಿತ್ತು, ಎದ್ದ ಮೇಲೆ ದನಿ ಒಡೆದಂತಿತ್ತು.

"ಅತ್ತಳಾ?"

"ಕುಂಯ್ ಅನ್ಲಿಲ್ಲ. ಸೆಖೆ ಕಣೇ, ಅದಕ್ಕೇ ಕೆಂಪು. ನೀನು ಸುಮ್ನೆ ಪ್ರಾಣ ತಿಂತೀಯ."

ತನ್ನದೇ ಅತಿಯಾಯಿತೇನೋ ಎಂದುಕೊಂಡಳು. ಅಂದು ಅವನಿಗೆ ಬಿಸಿಬಿಸಿ ಕಾಫಿಯನ್ನೂ ಮಾಡಿಕೊಟ್ಟಳು.

ಭಾನುವಾರ ಬಳಗ ನೆರೆಯಿತು. ಹೊಸ ರೀಮಾಸ್ಟರಿನ ಮೊದಲ ಶ್ರವಣ. ಇದ್ದ ಎರಡು ಕುರ್ಚಿಗಳಲ್ಲಿ ಒಳ್ಳೆಯದನ್ನು ಬಳಗದ ಹಿರಿಯ ಇನ್ಶೂರೆನ್ಸ್ ಅಂಕಲ್ಲಿಗೆ ಬಿಟ್ಟುಕೊಟ್ಟರು. ಮೂಲ ಕ್ಯಾಸೆಟ್ಟನ್ನು ರೆಕಾರ್ಡ್ ಮಾಡಿದವನೇ ಆತ. ಮುರಿಯದ ಕೈಗೆ ಪಟ್ಟಿ ಸುತ್ತಿಕೊಂಡು, ಆ ಪಟ್ಟಿಯೊಳಗೆ ರೆಕಾರ್ಡರ್ ತೂರಿಸಿ ಕಾವಲಿನವರನ್ನು ದಾಟಿಸಿದ್ದನಂತೆ. ಜೀವನದಲ್ಲಿ ಅದೊಂದೇ ಸಾಹಸ. ಆಮೇಲೆ ಮದುವೆ, ಪಾಲಿಸಿ, ಮಂಡಿನೋವು.

"ಈ ಸಲ ಹೊಸ ವಿಧಾನ," ಎಂದು ಕಿವಿರಾಯ ಗಂಟಲು ಸರಿಮಾಡಿಕೊಂಡ. "ಟೇಪಿನಲ್ಲಿ ಎಲ್ಲಾ ಇತ್ತು, ಸಭಾಂಗಣದ ಉಸಿರು ಇರ್ಲಿಲ್ಲ. ಅದಕ್ಕೇ ಕಂಪ್ಯೂಟರಲ್ಲಿ ತೊಳೆದಿದ್ದನ್ನ ಈ ದೊಡ್ಡ ಸ್ಪೀಕರಲ್ಲಿ ಹಾಕಿ, ರೂಮಿನ ಆ ಮೂಲೆ ಈ ಮೂಲೆ ಎರಡು ಮೈಕ್ ಇಟ್ಟು ಪುನಃ ರೆಕಾರ್ಡ್ ಮಾಡ್ದೆ. ಗಾಳಿ ಸೇರಿಕೊಳ್ತು ನೋಡಿ."

ಗಾಳಿ ಸೇರಿತೆಂದು ಎಲ್ಲರೂ ತಲೆದೂಗಿದರು. ಅವಳು ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಹೋದಳು. ಅಷ್ಟು ಸದ್ದಿಗೆ ಕೂಸಿನ ಕಿವಿ ಏನಾದೀತು ಎಂದು ನಡುವಿನ ಬಾಗಿಲನ್ನೂ ಎಳೆದುಕೊಂಡಳು.

ಮೊದಲ ಹಾಡು ಮುಗಿಯಿತು. ಎರಡನೆಯದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೋ ಆ ಹಾಡಿನವರಿಗೇ ಗೊತ್ತು. ಆಮೇಲೆ ಗಿಟಾರಿನವನು ತಂತಿ ಬಿಗಿ ಮಾಡಿಕೊಳ್ಳುವ ಬಿಡುವು, ಜನರ ಗುಸುಗುಸು. ಆ ಗುಸುಗುಸುವಿನೊಳಗಿಂದ ಒಂದು ಮಗು ಅಳತೊಡಗಿತು.

ಅಡುಗೆಮನೆಯಲ್ಲಿ ಅವಳ ಎದೆಯಿಂದ ಹಾಲು ಇಳಿಯಿತು. ಕುಪ್ಪಸ ಒದ್ದೆಯಾಯಿತು. ಹೆಗಲ ಮೇಲಿನ ಮಗು ಮಾತ್ರ ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿತ್ತು.

"ನಿಲ್ಸಿ, ನಿಲ್ಸಿ," ಎಂದನೊಬ್ಬ ಹೊರಗೆ. "ಮಗು ಅಲ್ವಾ ಅದು? ಹಾರ್ಡ್ ರಾಕ್ ಷೋಗೆ ಮಗು ಕರ್ಕೊಂಡು ಬಂದಿದ್ದಾರೆ. ಬೇರೆ ಯಾರ ಕಾಪಿಯಲ್ಲೂ ಇದು ಕೇಳಲ್ಲ."

"ಬಂದಿತ್ತು," ಎಂದ ಇನ್ಶೂರೆನ್ಸ್ ಅಂಕಲ್, ಕಣ್ಣು ಅರೆಮುಚ್ಚಿ. "ನನಗೆ ಚೆನ್ನಾಗಿ ನೆನಪಿದೆ. ನನ್ನ ಎಡಗಡೆ, ನೀಲಿ ಬಟ್ಟೆ ಹಾಕಿದ ಹೆಂಗಸು. ಮಡಿಲಲ್ಲಿ ಮಗು. ನಾನೇ ಸಮಾಧಾನ ಮಾಡ್ದೆ."

ಪುನಃ ಹಾಕಿದರು. ಅಳು ಏರಿತು. ಬಿಕ್ಕಿತು, ಉಸಿರು ಕಟ್ಟಿ ತಡೆಯಿತು, ಮತ್ತೆ ಏರಿತು. ಮುಂದಿನ ಹಾಡು ಅದನ್ನು ನುಂಗಿತು. ಹಾಡು ತಗ್ಗಿದಾಗ ನೋಡಿದರೆ ಅಳು ಅಲ್ಲೇ ಇತ್ತು, ಗಂಟಲು ಮಾತ್ರ ಬಿದ್ದುಹೋಗಿತ್ತು. ಆಮೇಲೆ ಧಡ್ ಧಡ್ ಧಡ್ ಎಂದು ಸದ್ದು, ಪ್ರತಿ ಏಟಿನ ಬೆನ್ನಿಗೆ ಒಂದು ಗಿಲಕ್.

"ಆಹಾ, ಡ್ರಮ್ಮಿನವನ ಕೈ ನೋಡಿ. ಹಾಡಿನ ತಾಳ ಒಂದು ಕಡೆ, ಇವನ ಏಟು ಇನ್ನೊಂದು ಕಡೆ. ಹಿಂದೆಯೇ ಸಿಂಬಲ್, ಕಂಚಿನ ತಟ್ಟೆ," ಎಂದು ಬಳಗದವನೊಬ್ಬ ಹೊಗಳಿದ.

ಆ ಸಿಂಬಲ್ ಅವಳಿಗೆ ಗೊತ್ತಿತ್ತು. ತಮ್ಮ ಮುಂಬಾಗಿಲಿನ ಸಡಿಲ ಚಿಲಕ. ಅದನ್ನು ಬಿಗಿ ಮಾಡಿಸಿ ಎಂದು ಅವಳು ಹೇಳದ ವಾರವಿಲ್ಲ.

ಬಾಗಿಲು ತೆರೆದು ಹೊರಗೆ ಬಂದಳು. "ರೀ, ಬುಧವಾರ ಮಧ್ಯಾಹ್ನ ನೀವೆಲ್ಲಿದ್ರಿ?"

ಕಿವಿರಾಯನ ಮುಖದ ಬಣ್ಣ ಇಳಿಯಿತು. ದಿನಬೆಳಗಾದರೆ ಬಣ್ಣ ಬೆರೆಸುವವನಿಗೆ ತನ್ನ ಮುಖಕ್ಕೆ ಒಂದನ್ನೂ ಬೆರೆಸಲಾಗಲಿಲ್ಲ.

"ಇಲ್ಲೇ ಕಣೇ. ಅಂದ್ರೆ, ಹೊರಗೆ ಮೆಟ್ಟಿಲ ಮೇಲೆ. ರೆಕಾರ್ಡ್ ಆಗೋವಾಗ ರೂಮಲ್ಲಿ ಯಾರೂ ಇರ್ಬಾರ್ದು, ನಡೆದಾಡಿದ್ದು, ಉಸಿರಾಡಿದ್ದು ಎಲ್ಲಾ ಮೈಕಿಗೆ ಬರುತ್ತೆ. ಅದಕ್ಕೇ ಬೀಗ ಹಾಕ್ಕೊಂಡು..."

"ಮಗುವನ್ನ ಒಳಗಿಟ್ಟು ಬೀಗ."

"ಮಲಗಿದ್ದಳಲ್ಲ."

"ಮೆಟ್ಟಿಲ ಮೇಲೆ ಇದ್ರಿ. ಹಾಗಾದ್ರೆ ಬಾಗಿಲು ಬಡಿದವರು ಯಾರು? ನಿಮ್ಮನ್ನ ಹಾರಿ ದಾಟಿಕೊಂಡು ಬಂದ್ರಾ?"

ಡ್ರಮ್ಮನ್ನು ಹೊಗಳಿದವನು ತನ್ನ ಬನಿಯನ್ನಿನ ತಲೆಬುರುಡೆಯನ್ನು ಬಗ್ಗಿ ನೋಡಿಕೊಳ್ಳತೊಡಗಿದ.

"ಒಂದೇ ಒಂದು ಟೀ ಕುಡಿಯೋಕೆ ಮೂಲೆ ಅಂಗಡಿಗೆ ಹೋಗಿದ್ದೆ," ಎಂದ ಕಿವಿರಾಯ.

ಇಷ್ಟಾದರೂ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಕೇಳದಿದ್ದರೆ ಸೋಮವಾರಕ್ಕೆ ಇನ್ನೇನಾದರೂ ದಾರಿ ಇರುತ್ತಿತ್ತೇನೋ. ಬೈದು, ಆಣೆ ಹಾಕಿಸಿ, ಅರ್ಧ ಜೀವ ಕೈಯಲ್ಲಿ ಹಿಡಿದುಕೊಂಡು ಕೆಲಸಕ್ಕೆ ಹೋಗಬಹುದಿತ್ತು.

"ಬುಧವಾರದಿಂದ ದಿನಾ ಇದನ್ನ ಕಿವಿಗೆ ಹಾಕ್ಕೊಂಡು ಕೂತಿದ್ರಲ್ಲ. ಇವಳ ಅಳು ಅಂತ ಗೊತ್ತಾಗ್ಲಿಲ್ವಾ?"

"ಪ್ರೇಕ್ಷಕರದ್ದು ಅಂದ್ಕೊಂಡೆ," ಎಂದ. ಇದು ಸುಳ್ಳಾಗಿರಲಿಲ್ಲ. ಅಷ್ಟೂ ಹೊತ್ತಿನಲ್ಲಿ ಅವನು ಆಡಿದ ಅಪ್ಪಟ ನಿಜ ಇದೊಂದೇ. "ಉಜ್ಜಿದ್ದಕ್ಕೆ ಅಡಿಯಿಂದ ಹೊಸದಾಗಿ ಎದ್ದು ಬಂತು ಅಂತ ಖುಷಿಯಾಯ್ತು. ಸ್ವಲ್ಪ ಏರಿಸಿಯೂ ಇಟ್ಟೆ."

ಮಗಳ ಅಳುವನ್ನು ಏರಿಸಿ ಇಟ್ಟಿದ್ದ. ಎಲ್ಲರಿಗೂ ಚೆನ್ನಾಗಿ ಕೇಳಲಿ ಎಂದು.

"ಬೇಡ ಅಂದ್ರೆ ತೆಗೆದುಬಿಡ್ತೀನಿ ಕಣೇ," ಎಂದ ಅವಳ ಮುಖ ನೋಡಿ. "ಆ ಅಳು ಒಂದು ಚೂರೂ ಉಳಿಯದ ಹಾಗೆ."

"ತೆಗೀಬೇಡ ಮಾರಾಯ," ಎಂದ ಇನ್ಶೂರೆನ್ಸ್ ಅಂಕಲ್, ಕುರ್ಚಿಯ ಅಂಚಿಗೆ ಸರಿದು. "ಸಿಸ್ಟರ್, ನಿಮ್ಮ ಸಂಕಟ ಅರ್ಥ ಆಗುತ್ತೆ. ಆದ್ರೆ ಅವತ್ತು ನಿಜವಾಗ್ಲೂ ಒಂದು ಮಗು ಇತ್ತು. ನೀಲಿ ಬಟ್ಟೆ."

ಅವಳು ಚಪ್ಪಲಿ ಮೆಟ್ಟಿಕೊಂಡು, ಮಗುವಿನ ಬಟ್ಟೆಯ ಚೀಲವನ್ನು ಎತ್ತಿಕೊಂಡು ಕೆಳಗಿಳಿದಳು. ಕೆಳಗಿನ ಮನೆಯಲ್ಲಿ ಒಬ್ಬ ಹೊಲಿಗೆಯಾಕೆ ಇದ್ದರು. ಎಲ್ಲರೂ ಕರೆಯುವುದು ಟೈಲರಮ್ಮ ಎಂದು. ಮಾತು ಒರಟು, ಅದಕ್ಕೇ ಅವಳು ಇಷ್ಟು ದಿನ ದೂರವೇ ಇದ್ದಳು.

"ಟೈಲರಮ್ಮ, ಬುಧವಾರ ನಮ್ಮ ಬಾಗಿಲು ಬಡಿದ್ರಾ?"

"ಕೈ ನೋಯೋ ತನಕ ಬಡಿದೆ. ಒಳಗೆ ಆ ಭೂತದ ಗಲಾಟೆ, ಅದರ ಮಧ್ಯೆ ಮಗು ಅಳು. ಬೀಗ ಒಡೆಸೋಣ ಅಂತ ಓಡಿ ಬಂದು ಫೋನ್ ಹುಡುಕ್ತಾ ಇದ್ದೆ, ಅಷ್ಟರಲ್ಲಿ ನಿನ್ನ ಗಂಡ ಶಿಳ್ಳೆ ಹಾಕ್ಕೊಂಡು ಮೆಟ್ಟಿಲು ಹತ್ತಿದ. ಕೇಳಿದ್ರೆ, ಮಗು ಎಲ್ಲಿ ಅಳ್ತಿದೆ ಆಂಟಿ, ಅದು ಹಾಡು ಅಂದ."

"ನನಗೆ ಹೇಳಬಾರ್ದಿತ್ತಾ?"

"ಹೇಳೋಕೆ ನೀನು ನಿಂತ್ಕೊಂಡು ಮಾತಾಡ್ಸಿದ್ದು ಯಾವಾಗ? ದಡಬಡ ಇಳೀತೀಯ, ದಡಬಡ ಹತ್ತುತೀಯ."

ಅದು ನಿಜವಾಗಿತ್ತು. ಅವಳು ತಲೆ ತಗ್ಗಿಸಿ ಹೊಸ್ತಿಲಲ್ಲೇ ನಿಂತಳು. ಒಳಗೆ ನೆಲದ ತುಂಬ ಬಟ್ಟೆ ಚೂರು, ಹೊಲಿಗೆಯಂತ್ರದ ಕಾಲಬುಡದಲ್ಲಿ ಕತ್ತರಿ, ಚಾಪೆಯ ಮೇಲೆ ಮುಚ್ಚಳ ತೆಗೆದ ಗುಂಡುಸೂಜಿ ಡಬ್ಬಿ. ಒಂದೊಂದು ಕಣ್ಣಿಗೆ ಬಿದ್ದಂತೆಯೂ ಅವಳು ಹೆಗಲ ಮೇಲಿನ ಮಗುವನ್ನು ಇನ್ನಷ್ಟು ಒತ್ತಿ ಹಿಡಿದಳು.

"ನಾಳೆಯಿಂದ ಮಧ್ಯಾಹ್ನ ಇವಳನ್ನ ನಿಮ್ಮ ಹತ್ರ ಬಿಡ್ಲಾ?" ಎಂದು ಕೇಳಿದಳು. "ಸಂಜೆ ಬಂದು ಕರ್ಕೊಂಡು ಹೋಗ್ತೀನಿ."

ಟೈಲರಮ್ಮ ಎದ್ದು ಕತ್ತರಿಯನ್ನು ಗೋಡೆಯ ಎತ್ತರದ ಮೊಳೆಗೆ ತೂಗುಹಾಕಿದರು. ಸೂಜಿಯ ಡಬ್ಬಿಗೆ ಮುಚ್ಚಳ ಒತ್ತಿ ಬೀರುವಿನ ಮೇಲಿಟ್ಟರು. ಆಮೇಲೆ ಮಂಡಿಯೂರಿ, ಚಾಪೆಯ ಮೇಲೆ ಅಂಗೈ ಆಡಿಸುತ್ತ, ಬಿದ್ದಿರಬಹುದಾದ ಸೂಜಿಗಳಿಗಾಗಿ ಗೇಣುಗೇಣು ತಡಕಿದರು.

"ಕೊಡು ಇಲ್ಲಿ," ಎಂದು ಕೈ ಚಾಚಿದರು. "ನಿನ್ನ ಗಂಡನನ್ನ ಮಾತ್ರ ಇಲ್ಲಿ ಬಿಟ್ಟು ಹೋಗ್ಬೇಡ. ಅಷ್ಟು ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಶಕ್ತಿ ನನಗಿಲ್ಲ."